ಗುಜರಿಗೆ ಹೋಗಬೇಕಿದ್ದ ಹೊಲಿಗೆ ಯಂತ್ರ

ವಿಜಯನಗರ ದಾಟಿ, ಚಂದ್ರಾ ಬಡಾವಣೆಯ ಮೂಲಕ ಪಶ್ಚಿಮಕ್ಕೆ ಬಂದರೆ ಸಿಗುವುದು ನಾಗರಬಾವಿ. ಹೆಸರಿನಲ್ಲಿ ನಾಗರವೂ ಇದೆ, ಬಾವಿಯೂ ಇದೆ. ಇಂದು ಮೊದಲು ಕಣ್ಣಿಗೆ ಬೀಳುವುದು ಮಾತ್ರ ಹೊರವರ್ತುಲ ರಸ್ತೆಯ ವಾಹನಗಳ ಸಾಲು! 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ರಾಷ್ಟ್ರೀಯ ಕಾನೂನು ಶಾಲೆ, ಪಕ್ಕದ ಜ್ಞಾನಭಾರತಿ ಆವರಣ - ಹೊರಗಿನವರು ಈ ಜಾಗವನ್ನು ಗುರುತಿಸುವುದು ಇವುಗಳಿಂದ. ಆದರೆ ಬಡಾವಣೆಯ ಅಡ್ಡರಸ್ತೆಗಳಲ್ಲಿ, ಮೂಡಲಪಾಳ್ಯದ ಕಡೆಯ ಓಣಿಗಳಲ್ಲಿ ನಡೆದು ಹೋದವರಿಗೆ ಇನ್ನೊಂದು ಗುರುತೂ ಸಿಗುತ್ತದೆ. ಗೇಟಿಗೆ ತೂಗುಹಾಕಿದ ಪುಟ್ಟ ಫಲಕ: 'ಇಲ್ಲಿ ರವಿಕೆ ಹೊಲಿದು ಕೊಡಲಾಗುವುದು'. ಒಳಗಿನಿಂದ ಟಕಟಕ ಸದ್ದು.

ಮಾಗಡಿ ರಸ್ತೆ, ಮೈಸೂರು ರಸ್ತೆ, ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳಿಗೆ ಈ ಭಾಗದ ಮನೆಗಳಿಂದ ಬೆಳಿಗ್ಗೆ ಎದ್ದು ಹೋಗುವ ಹೆಣ್ಣುಮಕ್ಕಳುಂಟು. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಅನೇಕ ಗಾರ್ಮೆಂಟ್ಸ್ ಕೆಲಸಗಾರರಿಗೆ ಕೆಲಸ ಹೋಯಿತು. ಕೈಯಲ್ಲಿ ಕಸುಬಿದೆ, ಯಂತ್ರವಿಲ್ಲ! ಅಂಥ ಹೊತ್ತಿನಲ್ಲಿ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಅತ್ತೆಯ ಕಾಲದ ಹೊಲಿಗೆ ಮಿಷನ್ನು ಬರೀ ನೆನಪಿನ ವಸ್ತುವಲ್ಲ. ಅದು ಓಡಿದರೆ ಮಕ್ಕಳ ಶಾಲೆಯ ಫೀಸು. ಓಡದಿದ್ದರೆ ಗುಜರಿಯವನ ತಕ್ಕಡಿಯಲ್ಲಿ ಕೆಲವು ಕಿಲೋ ಕಬ್ಬಿಣ.

ಅಟ್ಟದಲ್ಲಿ ಇಲ್ಲದವರು ಭಾನುವಾರ ಮುಂಜಾನೆ ಚಿಕ್ಕಪೇಟೆಯ ಸಂಡೆ ಬಜಾರಿಗೆ ಹೋಗುವುದುಂಟು. ಅಲ್ಲಿ ಕೊಳ್ಳುವವರು ಚಿನ್ನದ ಬಣ್ಣದ ಚಿತ್ತಾರಕ್ಕೆ ಮರುಳಾಗಬಾರದು. ಬೀಡು ಕಬ್ಬಿಣದ ಒಡಲಲ್ಲಿ ಎಲ್ಲಾದರೂ ಸೀಳು ಇದೆಯೇ ಎಂಬುದನ್ನು ಮೊದಲು ನೋಡಬೇಕು. ಸೀಳಿದ್ದರೆ ಬಿಟ್ಟು ಬರುವುದೇ ಲೇಸು. ಚಕ್ರ ತಿರುಗದಿದ್ದರೆ ಹೆದರಬೇಕಾಗಿಲ್ಲ. ಸಿಂಗರ್ ಯಂತ್ರವಾದರೆ ಮೈಮೇಲೆ ಕೊರೆದ ಸಂಖ್ಯೆ ಮತ್ತು ಅದರ ಮುಂದಿನ ಅಕ್ಷರಗಳಿಂದ ಅದು ಹುಟ್ಟಿದ ಕಾಲವನ್ನು ತಿಳಿಯಬಹುದು. 1980ರಲ್ಲಿ ಮುಚ್ಚಿಹೋದ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯ ಯಂತ್ರಗಳು ನಮ್ಮ ಮನೆಗಳಲ್ಲಿ ಇಂದಿಗೂ ಇವೆ. ಕಲ್ಕತ್ತದಲ್ಲಿ 1930ರ ದಶಕದಲ್ಲಿ ಆರಂಭವಾದ ಉಷಾ ಯಂತ್ರಗಳಂತೂ ಸರಿಯೇ ಸರಿ. ಯಂತ್ರನಾಗರಿಕತೆಯನ್ನು ಅಷ್ಟು ಟೀಕಿಸಿದ ಗಾಂಧೀಜಿ 1924ರ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರೆಂಬುದು ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ.

ಯಂತ್ರ ಬಿಗಿದುಕೊಳ್ಳಲು ಕಾರಣ ಸಾಮಾನ್ಯವಾಗಿ ತುಕ್ಕಲ್ಲ, ಎಣ್ಣೆ! ಮಿಷನ್ ಎಣ್ಣೆ ಮುಗಿದಾಗ ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆಯನ್ನೋ ಕುಸುಬೆ ಎಣ್ಣೆಯನ್ನೋ ತಂದು ಬಿಡುವ ಅಭ್ಯಾಸ ನಮ್ಮಲ್ಲಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಅಷ್ಟು ಸಾಕು. ಕುಸುಬೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ವರ್ಷಗಳಲ್ಲಿ ಅಂಟಾಗಿ, ಕೊನೆಗೆ ವಾರ್ನಿಷಿನಂತೆ ಒಣಗುತ್ತದೆ. ಅದಕ್ಕೆ ಬಟ್ಟೆಯ ನಾರು, ಧೂಳು ಸೇರಿದರೆ ಮುಗಿಯಿತು. ಖನಿಜ ತೈಲದಿಂದ ತಯಾರಾದ ಮಿಷನ್ ಎಣ್ಣೆಗೆ ಈ ಕಾಟ ಬಲು ಕಡಿಮೆ.

ಅಂಟು ಬಿಡಿಸಲು ಹಳಬರು ಸೀಮೆಎಣ್ಣೆ ಬಳಸುತ್ತಿದ್ದರು. ಈಗ ಅದು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಒಲೆಯಿಂದ ದೂರ, ಬಯಲಿನಲ್ಲಿ ಕುಳಿತು ಕೆಲಸ ಮಾಡಬೇಕು. ಸಿಗದಿದ್ದರೆ ಪ್ರತಿ ಕೀಲಿಗೂ, ಪ್ರತಿ ಎಣ್ಣೆ ತೂತಿಗೂ ಮಿಷನ್ ಎಣ್ಣೆಯನ್ನೇ ಬಿಟ್ಟು ಎರಡು ದಿನ ಸುಮ್ಮನಿರಬೇಕು. ಆಮೇಲೆ ಚಕ್ರವನ್ನು ಅತ್ತಿತ್ತ ಕೂದಲೆಳೆಯಷ್ಟು ಅಲುಗಿಸುವುದು, ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸುತ್ತಿಗೆ ಎತ್ತಿದವರು ಕೆಟ್ಟರು! ಚಿತ್ತಾರವಿರುವ ಕಡೆ ಸ್ಪಿರಿಟ್, ಥಿನ್ನರ್ ತಾಗಿಸಬಾರದು. ಮೇಲಿನ ಅರಗಿನ ಲೇಪ ಕರಗಿ ಚಿನ್ನವೆಲ್ಲ ಬಟ್ಟೆಗೆ ಬರುತ್ತದೆ.

ಚಕ್ರ ತಿರುಗಿದರೂ ಹೊಲಿಗೆ ಬೀಳದಿರಬಹುದು. ಅದೇಕೆಂದು ತಿಳಿಯಲು ಹೊಲಿಗೆ ಬೀಳುವ ಬಗೆಯನ್ನೇ ನೋಡಬೇಕು. ಕೈಸೂಜಿಗೆ ಕಣ್ಣು ಹಿಂದೆ. ಯಂತ್ರದ ಸೂಜಿಗೆ ಮೊನೆಯಲ್ಲಿ. ದಾರ ಹೊತ್ತ ಸೂಜಿ ಬಟ್ಟೆಯನ್ನು ತೂರಿ ಕೆಳಗಿಳಿದು ತುಸು ಮೇಲೇಳುತ್ತದೆ. ಸೂಜಿಯ ಒಂದು ಬದಿಯ ಉದ್ದ ಗೀರಿನಲ್ಲಿ ದಾರ ಸಲೀಸಾಗಿ ಜಾರುತ್ತದೆ. ಇನ್ನೊಂದು ಬದಿಯಲ್ಲಿ ಬಟ್ಟೆಯ ಘರ್ಷಣೆ ಅದನ್ನು ತಡೆಯುತ್ತದೆ. ತಡೆದ ದಾರ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಶಟ್ಟಲಿನ ಕೊಕ್ಕೆ ಬಂದು ಕುಣಿಕೆಯನ್ನು ಹಿಡಿದು, ಬಾಬಿನ್ನಿನ ದಾರದ ಸುತ್ತ ದಾಟಿಸುತ್ತದೆ. 1846ರಲ್ಲಿ ಅಮೆರಿಕದ ಇಲಿಯಾಸ್ ಹೋವ್ ಪೇಟೆಂಟ್ ಪಡೆದದ್ದು ಈ ಎರಡು ದಾರಗಳ ಹೊಲಿಗೆಗೇ. ಹೈಸ್ಕೂಲಿನ ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸೂಜಿಯ ಚಪ್ಪಟೆ ಬದಿ ಅದಲುಬದಲಾದರೆ ಕುಣಿಕೆ ಕೊಕ್ಕೆಗೆ ಸಿಗುವುದೇ ಇಲ್ಲ. 'ಕೆಟ್ಟಿದೆ' ಎಂದು ಮೂಲೆಗೆ ತಳ್ಳಿದ ಎಷ್ಟೋ ಯಂತ್ರಗಳ ಕಾಯಿಲೆ ಇಷ್ಟೇ. ಮದ್ದು ಒಂದು ಹೊಸ ಸೂಜಿ. ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ದೋಷ ಹೆಚ್ಚಾಗಿ ಮೇಲಿನದು! ಟೆನ್ಷನ್ ಬಿಲ್ಲೆಗಳ ನಡುವೆ ಹಳೆಯ ದಾರದ ತುಣುಕು ಸಿಕ್ಕಿಕೊಂಡು ಮೇಲಿನ ದಾರ ಸಡಿಲವಾಗಿರುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಹಳೆಯ ಪಂಚೆಯ ಎರಡು ಮಡಿಕೆಯ ಮೇಲೆ ಹೊಲಿದು ನೋಡಬೇಕು. ಕೆಂಪು ಕೆಳಗೆ ಕಂಡರೆ ಮೇಲಿನದನ್ನು ಬಿಗಿ ಮಾಡಬೇಕು, ಬಿಳಿ ಮೇಲೆ ಕಂಡರೆ ಸಡಿಲಿಸಬೇಕು.

ಉಳಿದದ್ದು ಬೆಲ್ಟು. ಚರ್ಮ ಹಿಗ್ಗಿದ್ದರೆ ತುಸು ಕತ್ತರಿಸಿ ಕೊಂಡಿ ಹಾಕಿದರಾಯಿತು. ಅತಿ ಬಿಗಿಯಾದರೆ ತುಳಿಯುವವರ ಮೊಣಕಾಲು ಸಂಜೆಗೆ ಹೇಳುತ್ತದೆ. ಕೆಳಗಿನ ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಮೇಲಿನ ಪುಟ್ಟ ಚಕ್ರ ಎಷ್ಟು ಸುತ್ತುತ್ತದೆಂದು ಸೀಮೆಸುಣ್ಣದ ಗುರುತಿಟ್ಟು ಎಣಿಸುವ ಕೆಲಸವನ್ನು ಮನೆಯ ಮಕ್ಕಳಿಗೆ ಬಿಡಬಹುದು. ಶಾಲೆಗಳು ತೆರೆಯುವ ಹೊತ್ತಿಗೆ ಯಂತ್ರ ಸಿದ್ಧವಾದರೆ ಅಕ್ಕಪಕ್ಕದ ಮನೆಗಳಿಂದ ಸಮವಸ್ತ್ರದ ಅಂಚು ಬಿಡಿಸಿ ಉದ್ದ ಮಾಡಿಕೊಡಿ ಎಂದು ಬರುವವರಿಗೇನೂ ಕೊರತೆಯಿರುವುದಿಲ್ಲ.