ಕೂಡಿ ನೂಕುವ ಪಾಠ

ಮಾಲ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬೆಂಗಳೂರಿನ ಝಗಝಗಿಸುವ ಅಂಗಡಿಗಳು. ನಾನು ಹೇಳಹೊರಟಿರುವ ಮಾಲ್ ಅದಲ್ಲ, ರಗ್ಬಿ ಆಟದ್ದು. ಕಳೆದ ವರ್ಷ ಮಗಳ ಮನೆಗೆಂದು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋಗಿದ್ದಾಗ, ಹದಿನೇಳರ ಮೊಮ್ಮಗನ ಬೆನ್ನುಹತ್ತಿ ಅಕ್ಟೋಬರಿನ ಒದ್ದೆ ಮೈದಾನದ ಅಂಚಿನಲ್ಲಿ ನಿಂತು ಅದರ ಪಾಠವನ್ನು ನೋಡಿದೆ. ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದವನಿಗೆ, ಇನ್ನೊಬ್ಬರು ಪಾಠ ಮಾಡುವುದನ್ನು ನೋಡುವ ಚಪಲ ನಿವೃತ್ತಿಯಾದರೂ ಹೋಗುವುದಿಲ್ಲ.

ಲೆಸ್ಟರ್ ಈ ಆಟಕ್ಕೆ ಹೆಸರಾದ ಊರು. ಅಲ್ಲಿಯ ಟೈಗರ್ಸ್ ತಂಡದವರು ಬಹುಕಾಲ ಅಂಗಿಯ ಬೆನ್ನಿಗೆ ಅಂಕೆಗಳ ಬದಲು ಅಕ್ಷರಗಳನ್ನು ಹಾಕಿಕೊಳ್ಳುತ್ತಿದ್ದರು. 1990ರ ದಶಕದಲ್ಲಿ ಮುಂದಿನ ಸಾಲಿನ ಮೂವರು, ರೌನ್‌ಟ್ರೀ, ಕಾಕರಿಲ್ ಮತ್ತು ಗಾರ್ಫರ್ತ್, ಎ, ಬಿ, ಸಿ ಧರಿಸಿದ್ದರಿಂದ ‘ಎಬಿಸಿ ಕ್ಲಬ್’ ಎಂದೇ ಪ್ರಸಿದ್ಧರಾದರು. ಅಕ್ಷರ ಕಲಿಸಿ ಅನ್ನ ಉಂಡವನಿಗೆ ಇದು ಹಿಡಿಸದೆ ಇದ್ದೀತೆ?

ಚೆಂಡು ಹಿಡಿದವನನ್ನು ಎದುರಾಳಿಯೊಬ್ಬ ಅಪ್ಪಿ ತಡೆಯುತ್ತಾನೆ. ಆಗ ಅವನ ಕಡೆಯವನೊಬ್ಬ ಬಂದು ಅವನನ್ನು ಬಿಗಿಯಾಗಿ ಹಿಡಿದುಕೊಂಡರೆ, ಮೂವರೂ ಕಾಲ ಮೇಲೆಯೇ ನಿಂತಿದ್ದರೆ, ಅದು ಮಾಲ್. ಆಮೇಲೆ ಬಂದವರೆಲ್ಲ ಹಿಂದಿನಿಂದ ಸೇರಿ ಒಟ್ಟಾಗಿ ನೂಕುತ್ತಾರೆ; ಪಕ್ಕದಿಂದ ನುಗ್ಗುವಂತಿಲ್ಲ. ತಲೆ ಮತ್ತು ಭುಜ ಸೊಂಟಕ್ಕಿಂತ ಕೆಳಗಿಳಿಯಕೂಡದು. ಬೇಕೆಂದು ಗುಂಪನ್ನು ಕೆಡಹುವುದೂ ಅಪರಾಧ. 2008ರಲ್ಲಿ ಪ್ರಯೋಗಾರ್ಥವಾಗಿ ಕೆಡಹಲು ಅನುಮತಿ ಕೊಟ್ಟು 2009ರಲ್ಲಿ ಹಿಂತೆಗೆದುಕೊಂಡರು. ಅಷ್ಟು ಮೈಗಳ ಭಾರ ಒಬ್ಬ ಹುಡುಗನ ಕುತ್ತಿಗೆಯ ಮೇಲೆ ಬಿದ್ದರೇನಾದೀತೆಂದು ನನ್ನ ಮಗಳು ಪಂದ್ಯವನ್ನೇ ನೋಡುವುದಿಲ್ಲ. ಇಷ್ಟರ ಮೇಲೆ, ಮಾಲ್ ನಿಂತುಹೋಗಿ ಚೆಂಡು ಹೊರಬಾರದಿದ್ದರೆ, ಮುಂದಿನ ಸ್ಕ್ರಮ್‌ನಲ್ಲಿ ಚೆಂಡು ಹಾಕುವ ಹಕ್ಕು ಎದುರು ತಂಡಕ್ಕೆ ಹೋಗುತ್ತದೆ.

ಆ ಸಂಜೆ ಲೈನ್‌ಔಟ್‌ನಿಂದ ಮಾಲ್ ಕಟ್ಟುವ ಅಭ್ಯಾಸ. ಗೆರೆಯ ಹೊರಗಿನಿಂದ ಚೆಂಡೆಸೆಯುವವನು ನಮ್ಮ ಹುಡುಗ. ಇಬ್ಬರು ಎತ್ತಿಹಿಡಿದ ಎತ್ತರದ ಹುಡುಗನೊಬ್ಬ ಅದನ್ನು ಹಿಡಿದು ಕೆಳಗಿಳಿದು, ಎದುರಾಳಿಗೆ ಬೆನ್ನು ತಿರುಗಿಸಿದ. ಎತ್ತಿದವರಿಬ್ಬರೂ ಅವನ ಎರಡು ಪಕ್ಕಕ್ಕೆ ಬೆಸೆದುಕೊಂಡರು. ಚೆಂಡು ಕೈಯಿಂದ ಕೈಗೆ ಹಿಂದಕ್ಕೆ ಸಾಗಿ ಕಟ್ಟಕಡೆಯವನನ್ನು ಸೇರಬೇಕು. ಎಸೆದವನೇ ಓಡಿಬಂದು ಸಾಮಾನ್ಯವಾಗಿ ಆ ಕಡೆಯ ಜಾಗ ಹಿಡಿಯುತ್ತಾನೆ. ಮಾಲ್‌ನ ಅಂಕಗಳು ಬಹಳಷ್ಟು ಸಲ ಅವನ ಹೆಸರಿಗೇ ಬೀಳುವುದು ಈ ಕಾರಣಕ್ಕೆ. ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ನಾಲ್ಕು ಹೆಜ್ಜೆಯೊಳಗೆ ಕುಸಿಯಿತು. ಮೂರನೆಯ ಸಲ ಮೊಮ್ಮಗ ಎಲ್ಲರಿಗಿಂತ ಕೆಳಗಿದ್ದ. ಎದ್ದವನು ನನ್ನ ಕಡೆ ನೋಡಲಿಲ್ಲ.

ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ತರಬೇತುದಾರ ಯಾರ ಹೆಸರನ್ನೂ ಎತ್ತಲಿಲ್ಲ. ಬಿದ್ದ ಜಾಗದಲ್ಲೇ ಎಲ್ಲರನ್ನೂ ಮತ್ತೆ ನಿಲ್ಲಿಸಿ, ಅಲುಗಾಡದಿರಲು ಹೇಳಿ, ಸುತ್ತ ನಡೆದು, ಎರಡು ಮೈಗಳ ನಡುವೆ ಬೆಳಕು ಕಂಡಲ್ಲೆಲ್ಲ ತನ್ನ ಅಂಗೈ ತೂರಿಸಿದ. ಆ ಸಂದು ಮುಚ್ಚುವವರೆಗೆ ಕೈ ತೆಗೆಯಲಿಲ್ಲ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿರಲಿ, ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯಿರಿ, ಹೆಜ್ಜೆ ಗಿಡ್ಡವಾಗಿರಲಿ, ಒಬ್ಬನ ಕೂಗಿಗೆ ಎಲ್ಲರ ಕಾಲೂ ಏಳಲಿ. ಮುಂದೆ ದಾರಿ ಕಟ್ಟಿದರೆ ತುಸು ಓರೆಗೆ ತಿರುಗಿ. ಇಷ್ಟೇ ಪಾಠ. ಇದನ್ನೇ ನಡೆಯುವ ವೇಗದಲ್ಲಿ ಹತ್ತಾರು ಸಲ ಮಾಡಿಸಿದ. ಮೊದಲು ಮೂವರಿಂದ, ಆಮೇಲೆ ಐವರಿಂದ, ಕೊನೆಗೆ ಎಂಟು ಮಂದಿಯಿಂದ.

ನನಗೆ 1986ರ ತಾಲ್ಲೂಕು ಕ್ರೀಡಾಕೂಟ ನೆನಪಾಯಿತು. ದೈಹಿಕ ಶಿಕ್ಷಕರಿಲ್ಲದ ಶಾಲೆ. ಹಗ್ಗಜಗ್ಗಾಟದ ತಂಡ ಕನ್ನಡ ಮೇಷ್ಟರಾದ ನನ್ನ ಪಾಲಿಗೆ ಬಂದಿತ್ತು. ಹಗ್ಗವನ್ನು ಮೈಗೆ ಸುತ್ತಿಕೊಂಡು ಕಡೆಯಲ್ಲಿ ನಿಲ್ಲುತ್ತಿದ್ದವನು ತಂಡದಲ್ಲೆಲ್ಲ ದಪ್ಪನೆಯ ಹುಡುಗ. ಮೊದಲ ಸುತ್ತಿನಲ್ಲೇ ಸೋತೆವು. “ನಿನ್ನಂಥ ಮೈಯಿಟ್ಟುಕೊಂಡು ನಿಲ್ಲಲಾಗಲಿಲ್ಲವಲ್ಲೋ” ಎಂದು ನೂರಾರು ಜನರೆದುರು ಅವನನ್ನು ಹಳಿದೆ. ಹಿಂದಿರುಗುವ ಲಾರಿಯಲ್ಲಿ ಉಳಿದವರೂ ಅದೇ ಮಾತನ್ನು ಹಾಡು ಮಾಡಿಕೊಂಡರು. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಅವನ ಮುಂದಿದ್ದ ಏಳು ಮಂದಿ ತಮಗೆ ತೋಚಿದಾಗ ಎಳೆಯುತ್ತಿದ್ದರು. ಕೂಗಿಗೆ ಒಟ್ಟಾಗಿ ಎಳೆಯುವುದನ್ನು, ಕಾಲೂರುವುದನ್ನು ನಾನು ಒಂದು ದಿನವೂ ಕಲಿಸಿರಲಿಲ್ಲ. ಎಂಟು ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿದರೆ ತಂಡವಾಯಿತೆಂದು ನಂಬಿದ್ದೆ.

ಆ ರಾತ್ರಿ ಮೊಮ್ಮಗ ನನಗೊಂದು ಹಳೆಯ ಪಂದ್ಯ ತೋರಿಸಿದ. 2015ರ ಸೆಪ್ಟೆಂಬರ್ 19, ಬ್ರೈಟನ್, ವಿಶ್ವಕಪ್. ಜಪಾನಿನವರು ದಕ್ಷಿಣ ಆಫ್ರಿಕವನ್ನು 34-32ರಿಂದ ಸೋಲಿಸಿದ ಪಂದ್ಯ. ಆಫ್ರಿಕದವರು ಬೆಟ್ಟದಂಥ ಆಳುಗಳು, ಎರಡು ಸಲ ವಿಶ್ವಕಪ್ ಗೆದ್ದಿದ್ದವರು. ಮಾಲ್ ಅವರ ಹುಟ್ಟುವಿದ್ಯೆ. ಅಂಥವರೆದುರು ಜಪಾನಿನ ಮೊದಲ ಟ್ರೈ ಬಂದದ್ದೂ ಮಾಲ್‌ನಿಂದಲೇ. ಗೆರೆ ದಾಟಿದವನು ನಾಯಕ ಮೈಕೇಲ್ ಲೀಚ್. ಮುಂಚೂಣಿಯವರಿಗೆ ಕಲಿಸಿದ್ದ ಸ್ಟೀವ್ ಬೋರ್ತ್‌ವಿಕ್ ಮುಂದೆ ಇದೇ ಲೆಸ್ಟರಿಗೆ ಬಂದು 2022ರಲ್ಲಿ ಲೀಗ್ ಪ್ರಶಸ್ತಿ ಗೆಲ್ಲಿಸಿದನಂತೆ. “ನೋಡಿ ತಾತ, ಎಲ್ಲೂ ಬೆಳಕಿಲ್ಲ” ಎಂದು ಹುಡುಗ ಚಿತ್ರವನ್ನು ನಿಲ್ಲಿಸಿ ತೋರಿಸಿದ. ನಿಜಕ್ಕೂ ಇರಲಿಲ್ಲ.

ಲಾರಿಯ ಕಥೆಯನ್ನು ಅವನಿಗೆ ಆಗಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಈಗ ಎಲ್ಲಿದ್ದಾನೆ, ತಾತ?” ಎಂದ.

ಊರಿಗೆ ಮರಳಿದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ ವಿಚಾರಿಸಿದೆ. ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನಂತೆ. ಮಗಳ ಮದುವೆಯೂ ಆಗಿದೆಯಂತೆ. ಫೋನ್ ನಂಬರನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಎರಡು ಸಲ ಒತ್ತಲು ಹೋಗಿ ಬಿಟ್ಟಿದ್ದೇನೆ. ಬಸ್ಸು ಹಿಡಿದು ಹೋಗಿಬರುವುದೇ ಲೇಸೆಂದು ತೋರುತ್ತದೆ. ಈ ಭಾನುವಾರ ಹೊರಡಬೇಕೆಂದಿದ್ದೇನೆ.