ದ್ವಿವಚನ

ಸಂಸ್ಕೃತ ವ್ಯಾಕರಣದಲ್ಲಿ ವಚನಗಳು ಮೂರು. ಒಂದಕ್ಕೆ ಏಕವಚನ, ಎರಡಕ್ಕೆ ದ್ವಿವಚನ, ಅದಕ್ಕೆ ಮೇಲ್ಪಟ್ಟುದಕ್ಕೆ ಬಹುವಚನ. ಕನ್ನಡಕ್ಕೆ ಈ ನಡುವಣ ವಚನದ ಅಗತ್ಯ ಕಂಡುಬಂದಿಲ್ಲ. ಅದಕ್ಕೆ ಎರಡಾದರೂ ಅಷ್ಟೆ, ಇನ್ನೂರಾದರೂ ಅಷ್ಟೆ. ಹಳ್ಳಿಯ ಪ್ರೌಢಶಾಲೆಗಳಲ್ಲಿ ಬಹುಕಾಲ ಸಂಸ್ಕೃತವನ್ನು ಹೇಳಿಕೊಟ್ಟ ನಾನು ಬಲ್ಲೆ, ಶಬ್ದರೂಪಗಳನ್ನು ಬಾಯಿಪಾಠ ಮಾಡುವಾಗ ಹುಡುಗರಿಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುತ್ತಿದ್ದುದು ಈ ದ್ವಿವಚನವೇ. “ಇಬ್ಬರಿಗೋಸ್ಕರ ಬೇರೆ ಒಂದು ವಚನ ಏತಕ್ಕೆ ಸಾರ್?” ಎಂದು ಪ್ರತಿವರ್ಷವೂ ಒಬ್ಬನಾದರೂ ಕೇಳುವನು. ಕಣ್ಣುಗಳೆರಡು, ಕೈಗಳೆರಡು, ಅಶ್ವಿನೀದೇವತೆಗಳಿಬ್ಬರು ಎಂದು ನಾನು ಉದಾಹರಣೆ ಕೊಡುತ್ತಿದ್ದೆ. ಹುಡುಗರು ಸುಮ್ಮನಾಗುತ್ತಿದ್ದರು, ಒಪ್ಪುತ್ತಿರಲಿಲ್ಲ. ಈಗ ಯಾರಾದರೂ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿರುವ ನಮ್ಮ ಮನೆಗೆ ಕರೆತಂದು, ಆಷಾಢದಲ್ಲಿ ನಾಲ್ಕು ದಿನ ಇರಿಸಿಕೊಂಡು, ಉತ್ತರವನ್ನು ಹೇಳದೆಯೇ ಕಳುಹಿಸಿಕೊಟ್ಟೇನು.

ನಮ್ಮದು ಹಳೆಯ ಮನೆ. ಉದ್ದನೆಯ ಜಗಲಿ, ಮುಂದೆ ಅಂಗಳ, ಒಳಗೆ ಹಗಲಿನಲ್ಲಿಯೂ ದೀಪ ಬೇಡುವ ನಡುಮನೆ, ಹಿಂದೆ ಬಚ್ಚಲುಮನೆ, ಅದರಾಚೆ ಕೊಟ್ಟಿಗೆ, ಅಲ್ಲಿಂದ ಕೆಳಗೆ ಕಲ್ಲು ಮೆಟ್ಟಿಲಿಳಿದರೆ ಎರಡು ಎಕರೆ ಅಡಿಕೆ ತೋಟ. ನಾನು ಪಾಠಶಾಲೆಯಿಂದ ರಜಕ್ಕೆ ಬರುತ್ತಿದ್ದ ಕಾಲದಲ್ಲಿ, ಎಂದರೆ 1970ರ ದಶಕದಲ್ಲಿ, ಇಲ್ಲಿ ರಾತ್ರಿ ಊಟಕ್ಕೆ 17 ಎಲೆ ಬೀಳುತ್ತಿದ್ದುವು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಇಬ್ಬರು ಚಿಕ್ಕಪ್ಪಂದಿರು, ಅವರ ಸಂಸಾರ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಸೋದರತ್ತೆ, ಎಣಿಕೆಗೆ ಸಿಕ್ಕದಷ್ಟು ಓಡಾಡುವ ಮಕ್ಕಳು. ಇಂದು ಬೀಳುವುದು ಎರಡು.

ಆಗ ಮನೆಯಲ್ಲಿ ಕಿರಿಕಿರಿಗಳಿರಲಿಲ್ಲವೆಂದು ನಾನು ಹೇಳಹೊರಟಿಲ್ಲ. ಹಳೆಯ ಕಾಲವನ್ನು ಹೊಗಳುವವರು ಹಳೆಯ ಮನೆಯ ಬಚ್ಚಲಿಗೆ ಸರದಿ ಕಾದವರಲ್ಲ. 17 ಜನಕ್ಕೆ ಗಟ್ಟಿಯಾದ ಕೊಡೆಗಳು ನಾಲ್ಕು. ಮೊದಲೆದ್ದವನಿಗೆ ಒಳ್ಳೆಯ ಕೊಡೆ, ಕೊನೆಯವನಿಗೆ ಕಡ್ಡಿ ಮುರಿದುದು. ಅತ್ತೆಯು ಭರಣಿಯೊಳಗಿನ ಅಪ್ಪೆಮಿಡಿಗಳನ್ನು ಎಣಿಸಿಡುತ್ತಿದ್ದಳು. ಲೆಕ್ಕ ತಪ್ಪಿದ ದಿನ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು. ಆದರೆ ಒಂದು ವ್ಯವಸ್ಥೆಯಿತ್ತು. ಯಾರೂ ಕೂತು ಗೊತ್ತುಮಾಡಿದ ವ್ಯವಸ್ಥೆಯಲ್ಲ, ತಾನಾಗಿ ಆದದ್ದು. ಸೋರುವ ಹಂಚು ಚಿಕ್ಕಪ್ಪನದು, ಕೋತಿಗಳು ಹುಡುಗರದು, ಬಚ್ಚಲ ಒಲೆ ಅತ್ತೆಯದು, ಕೊನೆಗಾರನೊಡನೆ ಹೆಣಗಾಟ ಅಪ್ಪನದು. ಒಬ್ಬೊಬ್ಬರಿಗೆ ಒಂದೊಂದು ಉಪದ್ರವ. ಉಳಿದ ಹದಿನಾರು ಜನ ಅದನ್ನು ನೋಡಿ ನಗಬಹುದಾಗಿತ್ತು. ಈಗ ಉಪದ್ರವಗಳ ಸಂಖ್ಯೆ ಹೆಚ್ಚಿದೆಯೆಂದು ನನಗೆ ತೋರುವುದಿಲ್ಲ. ಅವು ಇದ್ದಷ್ಟೇ ಇವೆ, ಪಾಲುದಾರರು ಹೊರಟುಹೋಗಿದ್ದಾರೆ. ಆಸ್ತಿಯಲ್ಲಿ ಪಾಲು ಕೇಳಿದವರುಂಟು, ಕೇಳಿದ್ದು ನ್ಯಾಯವೂ ಹೌದು. ಸೋರುವ ಹಂಚಿನಲ್ಲಿ ಪಾಲು ಕೇಳಿದವರನ್ನು ಮಾತ್ರ ನಾನು ಕಾಣೆ.

ಮೊದಲು ಕೋತಿಗಳ ವಿಚಾರ. ಅಮರಸಿಂಹನು ತನ್ನ ಕೋಶದಲ್ಲಿ ಕೋತಿಗೆ ಒಂಬತ್ತು ಹೆಸರುಗಳನ್ನು ಕೊಟ್ಟಿದ್ದಾನೆ. ಕೊಂಬೆಯ ಮೇಲೆ ವಾಸಿಸುವುದರಿಂದ ಶಾಖಾಮೃಗ, ಕಾಡೇ ಮನೆಯಾದುದರಿಂದ ವನೌಕಸ, ಹೀಗೆ. ಈ ಎರಡನೆಯ ಹೆಸರಿಗೆ ಈಗ ಅರ್ಥ ಉಳಿದಿಲ್ಲ. ನಮ್ಮ ಮನೆಯೇ ಅವಕ್ಕೂ ಮನೆ. ನಮ್ಮಾಕೆಯ ಕೋಶದಲ್ಲಿ ಕೋತಿಗೆ ಇರುವುದು ಒಂದೇ ಹೆಸರು, ‘ಹಾಳಾದ್ದು’. ಹಿಂದೆ ಮನೆಯ ತುಂಬ ಹುಡುಗರಿದ್ದಾಗ ಅವರ ಗಲಾಟೆಗೇ ಕೋತಿಗಳು ತೋಟದಂಚಿನಲ್ಲಿ ನಿಂತು ಯೋಚಿಸುತ್ತಿದ್ದುವು. ಈಗ ಅವಕ್ಕೆ ನಮ್ಮ ಬಲಾಬಲ ತಿಳಿದಿದೆ. ನಾನು ಕವಣೆ ಹಿಡಿದು ಮುಂಬಾಗಿಲಿಗೆ ಬಂದರೆ ಹಿಂಬಾಗಿಲಲ್ಲಿ ಕಾವಲಿಲ್ಲವೆಂದೂ, ಆಕೆ ಹಿಂದಕ್ಕೆ ಹೋದರೆ ಮುಂದೆ ಮುದುಕನೊಬ್ಬನೇ ಎಂದೂ ಬಲ್ಲುವು. ಮೊನ್ನೆ ಹಿತ್ತಲಿನ ಬಾಳೆಗೊನೆ ಬಲಿತಿತು. ನಾಳೆ ಕಡಿಯೋಣವೆಂದು ನಾವು ಮಾತಾಡಿಕೊಂಡೆವು. ಮಾತಾಡಬಾರದಾಗಿತ್ತೆಂದು ಆಕೆಯ ಮತ.

ಕೋತಿ ಬದುಕಿದ್ದರೆ ಒಂದು ಕಷ್ಟ, ಸತ್ತರೆ ಇನ್ನೊಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ಭಯ ಈ ಕಡೆಯ ಜನರಿಗೆ ಇನ್ನೂ ಹೋಗಿಲ್ಲ. ರೋಗವನ್ನು ತರುವುದು ಉಣುಗು. ಆದರೆ ಕಾಡಂಚಿನಲ್ಲಿ ಸತ್ತ ಮಂಗವನ್ನು ಕಂಡರೆ ಊರಿಗೆ ಊರೇ ಆ ದಾರಿಯನ್ನು ಬಿಡುತ್ತದೆ. ಹೀಗಾಗಿ, ಗೊನೆಯನ್ನು ತಿಂದು ಕೊಬ್ಬಿದ ಕೋತಿಗಳು ಮಾಡಿನ ಮೇಲೆ ಓಡಾಡುವುದನ್ನು ಕೇಳಿದಾಗ, ಬೈಯುತ್ತಲೇ ಸ್ವಲ್ಪ ಸಮಾಧಾನವನ್ನೂ ಪಡುವ ವಿಚಿತ್ರವಾದ ಸ್ಥಿತಿ ನಮ್ಮದು.

ಅವು ಓಡಿದುದರ ಫಲ ಹಂಚಿಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಹಾಕಿದ ಮೇಲೆ ಮಲೆನಾಡಿನ ಹುಲ್ಲುಮಾಡುಗಳು ಒಂದೊಂದಾಗಿ ಹೋದುವು. ನಮ್ಮ ಅಜ್ಜನ ಕಾಲದಲ್ಲಿ ನಮ್ಮದೂ ಹೋಯಿತು. ಒಳ್ಳೆಯ ಹಂಚು, ಸರಿದರೆ ಮಾತ್ರ ಸರಿಪಡಿಸಲು ಆಳು ಬೇಕು. ಆಳು ಸಿಕ್ಕುವವರೆಗೆ ಕೆಳಗೆ ಪಾತ್ರೆ. ಈ ಮಳೆಗಾಲದಲ್ಲಿ ನಡುಮನೆಯಲ್ಲಿ ಹಿತ್ತಾಳೆಯ ಕೊಳಗವೊಂದು, ಅಟ್ಟದ ಮೇಲೆ ಬಕೆಟ್ಟುಗಳೆರಡು. ಕೊಳಗದ ಸದ್ದು ಗಂಭೀರ, ಬಕೆಟ್ಟಿನದು ಅಲ್ಪಪ್ರಾಣ. ತುಂಬಿದರೆ ಸದ್ದು ಬದಲಾಗುವುದರಿಂದ ಎದ್ದು ನೋಡಬೇಕಾದ ಶ್ರಮವಿಲ್ಲ. ಎದ್ದು ಚೆಲ್ಲಬೇಕಾದ ಶ್ರಮವಿದೆ.

ಉಳಿದ ಸಣ್ಣವುಗಳನ್ನು ವಿಸ್ತರಿಸುವುದಿಲ್ಲ. ಉಪ್ಪು ನೀರಾಗುವುದು, ಬೆಂಕಿಪೊಟ್ಟಣ ಮೆತ್ತಗಾಗುವುದು, ಪುಸ್ತಕದ ರಟ್ಟಿನ ಮೇಲೆ ಬೂಷ್ಟು, ಪಂಚೆ ಒಣಗದೆ ಹೊಗೆಯ ವಾಸನೆ ಹಿಡಿಯುವುದು, ತೋಟಕ್ಕಿಳಿದು ಬಂದರೆ ಕಾಲ್ಬೆರಳ ಸಂದಿಯಲ್ಲಿ ಇಂಬಳ. ಆಗುಂಬೆಯ ನೆರೆಯಲ್ಲಿರುವವರು ಇವನ್ನೆಲ್ಲ ಎಣಿಸತಕ್ಕದ್ದಲ್ಲ. ದೂರವಾಣಿಯೂ ಅಂಥದೇ. ಮಗ ಕೊಡಿಸಿದ ಕೈಫೋನು ಮಾತಾಡುವುದು ಜಗಲಿಯ ಮೂರನೆಯ ಕಂಬದ ಬಳಿ ಮಾತ್ರ. ಆ ಕಂಬಕ್ಕೆ ಒರಗಿ, ತಲೆಯನ್ನು ಸ್ವಲ್ಪ ಎಡಕ್ಕೆ ಬಾಗಿಸಿ, ಗಾಳಿಯಲ್ಲಿ ತಂತಿಯ ಮೇಲೆ ಕೊಂಬೆ ಬೀಳದ ದಿನವಾದರೆ.

ಆದರೆ ಕೊಳೆಮದ್ದಿನದು ಸಣ್ಣ ವಿಷಯವಲ್ಲ. ಅಡಿಕೆಗೆ ಬರುವ ಕೊಳೆರೋಗ ನಮ್ಮ ಕಡೆಯ ಮನೆಗಳನ್ನು ಮುಳುಗಿಸುತ್ತಿದ್ದ ರೋಗ. ಜಡಿಮಳೆಯಲ್ಲಿ ಎಳೆಯ ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಪ್ಪುಹಸುರು ಕಲೆ ಕಾಣಿಸಿಕೊಳ್ಳುತ್ತದೆ, ಕಾಯಿ ಉದುರತೊಡಗುತ್ತದೆ, ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಗಾಳಿಮಳೆ ಸಾಕು. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದು, ಈ ರೋಗವನ್ನು ಪರಿಶೀಲಿಸಿ, 1910ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಬೋರ್ಡೋ ದ್ರಾವಣವೇ ಇದಕ್ಕೆ ಮದ್ದಾಯಿತು, ಇಂದಿಗೂ ಅದೇ ಮದ್ದು. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಪಾಕ ಸರಿಯಾಯಿತೇ ಎಂದು ತಿಳಿಯಲು ಕುಡುಗೋಲಿನ ಮೊನೆಯನ್ನು ಅದ್ದಿ ನೋಡುವುದು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಮುಂಗಾರಿನ ಮೊದಲಲ್ಲಿ ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದು.

ಇಷ್ಟನ್ನು ಪುಸ್ತಕ ಹೇಳುತ್ತದೆ. ಪುಸ್ತಕ ಹೇಳದಿರುವುದೆಂದರೆ ಕೊನೆಗಾರನೂ ಆಕಾಶವೂ ಒಂದೇ ದಿನ ಒದಗಬೇಕೆಂಬುದು. ನಮ್ಮ ಸೀಮೆಗೆ ಈಗ ಮರ ಹತ್ತುವ ಕೊನೆಗಾರರು ಮೂವರು. ನಮ್ಮವನಿಗೇ ಐವತ್ತು ದಾಟಿದೆ, ಅವನ ಮಕ್ಕಳು ಶಿವಮೊಗ್ಗೆಯಲ್ಲಿ ಬೇರೆ ಕೆಲಸದಲ್ಲಿದ್ದಾರೆ. ನೆಲದ ಮೇಲೆ ನಿಂತೇ ಕೆಲಸ ಮಾಡುವ ಉದ್ದನೆಯ ದೋಟಿಗಳು ಬಂದಿವೆ. ಹಿಡಿಯಲು ರಟ್ಟೆಬಲದ ಹುಡುಗರು ಬೇಕು. ಈ ವರ್ಷದ ಎರಡನೆಯ ಮದ್ದು ಪುನರ್ವಸು ಮಳೆಯಲ್ಲಿ ಆಗಬೇಕಾಗಿತ್ತು. ಅವನು ಬಂದ ದಿನ ಮಳೆ. ಮಳೆ ನಿಂತ ದಿನ ಅವನು ಇನ್ನೊಬ್ಬರ ತೋಟದಲ್ಲಿ. “ನಾಳೆ ಬತ್ತೀನಿ ಮೇಷ್ಟ್ರೇ” ಎಂದು ಮೂರನೆಯ ಕಂಬದ ಬಳಿ ಕೇಳಿಸಿದ ಮಾತು ಹನ್ನೊಂದು ದಿನ ಹಾಗೆಯೇ ಇತ್ತು. ಅವನು ಸುಳ್ಳುಗಾರನಲ್ಲ, ಅವನಿಗಾಗಿ ನಲವತ್ತು ತೋಟಗಳು ಕಾಯುತ್ತಿದ್ದುವು.

ಆ ಹನ್ನೊಂದು ರಾತ್ರಿಗಳ ವಿಷಯವನ್ನು ಹೇಳಬೇಕು. ಮಳೆಯ ಹುಯ್ಲು ಒಂದು ಗಳಿಗೆ ನಿಂತಾಗ ಕೆಳಗಿನ ತೋಟದಿಂದ ಸದ್ದು ಬರುತ್ತಿತ್ತು. ಒಂದು ಕಾಯಿ ಹಾಳೆಯ ಮೇಲೆ ಬಿದ್ದರೆ ಟಪ್ಪೆಂದು, ಕೆಸರಿಗೆ ಬಿದ್ದರೆ ಅದಕ್ಕಿಂತ ಮೆಲ್ಲಗೆ. ನಾನು ನಿದ್ದೆ ಬಂದವನಂತೆ ಮಲಗಿರುತ್ತಿದ್ದೆ, ಆಕೆಯೂ ಹಾಗೆಯೇ. ಬೆಳಗ್ಗೆ ಹಾಲು ಕಾಸುತ್ತ, “ನಿನ್ನೆಗಿಂತ ಹೆಚ್ಚು” ಎನ್ನುವಳು. ನಾನು ಎಣಿಸಿದ್ದೂ ಅಷ್ಟೇ ಆಗಿರುತ್ತಿತ್ತು.

‘ಹೆಂಡತಿ’ ಎಂಬ ಅರ್ಥದ ದಾರ ಶಬ್ದ ಸಂಸ್ಕೃತದಲ್ಲಿ ಪುಲ್ಲಿಂಗ, ಅದೂ ಯಾವಾಗಲೂ ಬಹುವಚನದಲ್ಲಿಯೇ ಪ್ರಯೋಗವಾಗತಕ್ಕದ್ದು. ಇದನ್ನು ಹೇಳಿದಾಗ ತರಗತಿ ನಗುತ್ತಿತ್ತು. ಹಿಂದೆ ಐವರು ಹೆಂಗಸರು ಮಾಡುತ್ತಿದ್ದುದನ್ನು, ನನ್ನ ಪಾಲಿನ ಅಷ್ಟಿಷ್ಟನ್ನು ಬಿಟ್ಟರೆ, ಈಗ ಒಬ್ಬಳೇ ಮಾಡುವವಳನ್ನು ನೋಡುತ್ತಿರುವ ನನಗೆ ಆ ಪ್ರಯೋಗದಲ್ಲಿ ನಗುವಂಥದೇನೂ ಕಾಣುವುದಿಲ್ಲ. ಆಕೆಯ ಬಲಮೊಣಕಾಲು ಎರಡು ವರ್ಷದಿಂದ ನೋಯುತ್ತಿದೆ. ಮೆಟ್ಟಿಲನ್ನು ಆದಷ್ಟು ಕಡಿಮೆ ಮಾಡಿ ಎಂದರು ವೈದ್ಯರು. ಬಚ್ಚಲಿಗೆ ಮೂರು ಮೆಟ್ಟಿಲು, ಅಟ್ಟಕ್ಕೆ ಒಂಬತ್ತು, ತೋಟಕ್ಕೆ ನಲವತ್ತೆರಡು. ಯಾವುದನ್ನು ಕಡಿಮೆ ಮಾಡತಕ್ಕದ್ದೆಂದು ಅವರು ಹೇಳಲಿಲ್ಲ.

ಮಗ ಬೆಂಗಳೂರಿನಲ್ಲಿದ್ದಾನೆ. ಒಳ್ಳೆಯವನು, ಸೊಸೆಯೂ ಹಾಗೆಯೇ. ತೋಟವನ್ನು ಚೇಣಿಗೆ ಕೊಟ್ಟು, ಬೀಗ ಹಾಕಿ ಬಂದುಬಿಡಿ ಎನ್ನುತ್ತಾನೆ. ಅವನ ಮನೆ ಏಳನೆಯ ಅಂತಸ್ತಿನಲ್ಲಿದ್ದರೂ ಲಿಫ್ಟು ಇರುವುದರಿಂದ ಮೆಟ್ಟಿಲೇ ಇಲ್ಲ. ಹೋದ ವರ್ಷ ಎರಡು ತಿಂಗಳು ಅಲ್ಲಿದ್ದು ಬಂದೆವು. ಸುಖವಾಗಿತ್ತು, ಅಲ್ಲಗಳೆಯಲಾರೆ. ಒಂದು ರಾತ್ರಿ ಮಳೆ ಬಂದಾಗ ಆಕೆ ತಟ್ಟನೆ ಎದ್ದು ಕೂತು, “ಹೊರಗೆ ಏನಾದರೂ ಒಣಹಾಕಿದ್ದೆವೇ?” ಎಂದು ಕೇಳಿದಳು. ಏನೂ ಇರಲಿಲ್ಲ. ಬಹಳ ಹೊತ್ತು ಹಾಗೆಯೇ ಕೂತಿದ್ದಳು.

ಊರಿಗೆ ಬಂದ ಮೇಲೆ, ಮಗ ಬಾಯಿಬಿಟ್ಟು ಹೇಳದೆ ಉಳಿಸಿದ್ದ ಮಾತನ್ನು ಅವಳೇ ಎತ್ತಿದಳು. ಬಚ್ಚಲ ಒಲೆಗೆ ಸೌದೆ ಇಡುತ್ತಿದ್ದಳು. “ನಾನು ಮೊದಲು ಹೋದರೆ ನೀವು ತಣ್ಣೀರು ಸ್ನಾನ ಮಾಡಬೇಕು, ಈ ಒಲೆ ಹೊತ್ತಿಸುವುದು ನಿಮಗೆ ಬರುವುದಿಲ್ಲ. ಬನ್ನಿ, ಕೂತುಕೊಳ್ಳಿ” ಎಂದಳು. ನಾನು ಕೂತೆ. ಮೊದಲು ತೆಂಗಿನ ಗರಿ, ಅದರ ಮೇಲೆ ಒಣಗಿದ ಅಡಿಕೆ ಸಿಪ್ಪೆ, ಆಮೇಲೆ ಸೀಳಿದ ಸಣ್ಣ ಕಟ್ಟಿಗೆ, ಬೆಂಕಿ ನಿಂತ ಮೇಲೆ ದೊಡ್ಡ ಕುಂಟೆ. ಒದ್ದೆಯ ಸೌದೆಯನ್ನು ಒಲೆಯ ಬಾಯಿಗೆ ಒರಗಿಸಿಟ್ಟರೆ ನಾಳೆಗೆ ಅದು ಒಣಗಿರುತ್ತದೆ. ಆ ದಿನದಿಂದ ಪ್ರತಿಸಂಜೆಯೂ ಪಾಠ. ಹೊಗೆಯಲ್ಲಿ ನನ್ನ ಕಣ್ಣು ನೀರಾದರೆ ಆಕೆ ನಗುತ್ತಾಳೆ.

ನಾನೂ ಸುಮ್ಮನೆ ಕೂರಲಿಲ್ಲ. ತೋಟದ ಲೆಕ್ಕದ ಪುಸ್ತಕವನ್ನು ಬಿಡಿಸಿ ತೋರಿಸಿದೆ. ಕೊನೆಗಾರನಿಗೆ ಕೊಟ್ಟ ಮುಂಗಡ, ಮಂಡಿಯ ಪಟ್ಟಿ, ಕಂದಾಯದ ರಸೀದಿ. ಮೈಲುತುತ್ತಿನ ಪ್ರಮಾಣವನ್ನು ಎರಡು ಸಲ ಹೇಳಿದೆ. “ಇದೆಲ್ಲ ನನಗೇಕೆ?” ಎಂದು ಆಕೆ ಕೇಳಲಿಲ್ಲ. ಒಲೆ ನನಗೇಕೆಂದು ನಾನೂ ಕೇಳಿರಲಿಲ್ಲ.

ಹನ್ನೆರಡನೆಯ ದಿನ ಕೊನೆಗಾರ ಬಂದ. ಆಕಾಶವೂ ಬಿಳಿಚಿಕೊಂಡು ನಿಂತಿತ್ತು. ಪೀಪಾಯಿಯನ್ನು ತೋಟದ ತಲೆಯಲ್ಲಿಟ್ಟು ಸುಣ್ಣದ ತಿಳಿಗೆ ತುತ್ತಿನ ನೀರನ್ನು ಹೊಯ್ದಾಗ ನೀಲಿ ಏಳುವುದನ್ನು ನೋಡುತ್ತಿದ್ದೆವು. ನಾನು ಕುಡುಗೋಲಿಗಾಗಿ ತಿರುಗಿದರೆ ಅದು ಆಗಲೇ ಆಕೆಯ ಕೈಯಲ್ಲಿತ್ತು. ಮೊನೆಯನ್ನು ಅದ್ದಿ, ಎಣಿಸಿದಂತೆ ಸ್ವಲ್ಪ ಹೊತ್ತು ಹಿಡಿದು, ಬೆಳಕಿಗೆತ್ತಿ, “ಇನ್ನೂ ಸ್ವಲ್ಪ ಸುಣ್ಣ ಬೇಕು” ಎಂದಳು. ಕೊನೆಗಾರ ನನ್ನ ಮುಖ ನೋಡಿದ. ನಾನು ತೋಟದ ಕಡೆ ನೋಡುತ್ತಿದ್ದೆ. “ಅಮ್ಮ ಹೇಳಿದ್ದು ಸರಿ” ಎಂದು ಅವನೇ ಇನ್ನೆರಡು ಚಂಬು ಹೊಯ್ದ.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಮಳೆ ಬಂದದ್ದು ರಾತ್ರಿ ಏಳಕ್ಕೆ. ಮದ್ದು ಒಣಗಲು ಅಷ್ಟು ಸಾಕು. ಆ ಹೊತ್ತಿಗೆ ನಾನು ಮೂರು ಕಡ್ಡಿಗಳಲ್ಲಿ ಒಲೆಯನ್ನು ಹೊತ್ತಿಸಿದ್ದೆ, ಹಂಡೆಯ ನೀರು ಕಾದಿತ್ತು. ಮಗನ ಫೋನು ಬಂದಿತು. ಕಂಬಕ್ಕೆ ಒರಗಿ ಆಕೆಯೇ ಮಾತಾಡಿದಳು: ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು. ಒಳಗೆ ಬಂದು, ಮೂರನೆಯ ಮದ್ದಿಗೆ ಮೈಲುತುತ್ತು ಎಷ್ಟು ಉಳಿದಿದೆ ಎಂದು ಕೇಳಿದಳು.