ಚಪಡನ ಬಂಡೆ, ಮೊಮ್ಮಗನ ಫೋನು

ಅಪ್ಪ ಅಮ್ಮನ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಕೆತ್ತಿಸಬೇಕಾಯಿತೆಂದರೆ, ಕ್ರಿ.ಪೂ. 3ನೇ ಶತಮಾನದಲ್ಲೂ ನಮ್ಮ ಕಡೆಯ ಮಕ್ಕಳು ಮಾತು ಕೇಳುತ್ತಿರಲಿಲ್ಲ ಎಂದಾಯಿತು. ಆಗ ಮೊಬೈಲ್ ಇರಲಿಲ್ಲ. ಮೊಮ್ಮಗನ ಶಾಲೆಯ ಪೋಷಕರ ಸಭೆಯಲ್ಲಿ ತಲೆ ತಗ್ಗಿಸಿ ಕೂತಾಗ ನನಗೆ ಇದೊಂದೇ ಸಮಾಧಾನ.

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಸಿದ್ದಾಪುರ, ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಹಚ್ಚುವ ತನಕ ಊರಲ್ಲಿ ಅವನ್ನು ಓದಬಲ್ಲವರಿರಲಿಲ್ಲ. ಹಾಗಂತ ಮರ್ಯಾದೆಗೆ ಕೊರತೆಯೇನೂ ಇರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಎಂದು ಕರೆದು, ಮೇಲೆ ನೀರು ಸುರಿದು, ಇಳಿದ ನೀರನ್ನು ಔಷಧಿಯೆಂದು ಬಳಸುತ್ತಿದ್ದರಂತೆ. ಓದದೆಯೇ ಅಕ್ಷರವನ್ನು ಮೈಗೆ ಹತ್ತಿಸುವ ಈ ಉಪಾಯದ ಮುಂದೆ ಈಗಿನ ಆ್ಯಪ್‌ಗಳು ಯಾವ ಲೆಕ್ಕ?

ಶಾಸನ ಬರೆದ ಚಪಡ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಲಿಪಿ ಬರುತ್ತದೆಂಬ ಸಣ್ಣ ಜಂಬ. ಇರಲಿ ಬಿಡಿ, ತಪ್ಪಾದರೆ ಬಂಡೆಯನ್ನು ಹರಿದು ಎಸೆಯುವಂತಿಲ್ಲವಲ್ಲ!

ನಮ್ಮ ಕಾಲಕ್ಕೆ ಸ್ಲೇಟು ಬಂದಿತ್ತು. ತಪ್ಪಾದರೆ ಎಂಜಲು ಹಚ್ಚಿ ಅಂಗೈಯಲ್ಲಿ ಒರೆಸುವುದು. ‘ಋ’ ತಿದ್ದಿ ತಿದ್ದಿ ಬಳಪ ಸವೆದು, ಉಗುರು ಸ್ಲೇಟಿಗೆ ಕೀರಿ ಮೈ ಜುಮ್ಮೆನ್ನುತ್ತಿತ್ತು. ಒರೆಸಿದರೂ ಹಳೆಯ ತಪ್ಪು ಬೂದಿಬಣ್ಣದಲ್ಲಿ ಇಣುಕುತ್ತಿತ್ತು. ಅದರ ಮೇಲೆಯೇ ಸರಿ ಬರೆಯಬೇಕು.

ಎಂಟು ವರ್ಷದ ಮೊಮ್ಮಗನಿಗೆ ಆ ತಾಪತ್ರಯವಿಲ್ಲ. ಅವನು ಹೇಳುತ್ತಾನೆ, ಫೋನು ಬರೆಯುತ್ತದೆ. ಬಾಯಲ್ಲಿ ‘ಆವು’ ಬಂದರೂ ಪರದೆಯ ಮೇಲೆ ‘ಹಾವು’ ಹರಿಯುತ್ತದೆ.

“ತಾತ, ನೋಡು, ಒಂದೂ ತಪ್ಪಿಲ್ಲ!”

“ಫೋನಿಗೆ ಬರುತ್ತೆ ಮಗ. ನಿನಗೆ?”

“ಫೋನು ನಮ್ದೇ ಅಲ್ವಾ?”

ಬೈಯಲು ಬಾಯಿ ಬರುವುದಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಇವನ ಅಕ್ಕನ ಕೈಗೆ ಫೋನು ಕೊಟ್ಟು ಪಾಠ ಕೇಳು ಎಂದವರು ನಾವೇ. ಪುಸ್ತಕದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಸಾಕು, ಪಾಠ ತೆರೆದುಕೊಳ್ಳುತ್ತಿತ್ತು. ಹೃದಯ ಮಿಡಿಯುವುದನ್ನು ಅವಳು ಕಣ್ಣಾರೆ ಕಂಡಳು. ನಮ್ಮ ಕರಿಹಲಗೆಯ ಮೇಲೆ ಅದು ಗೆಣಸಿನ ಹಾಗಿತ್ತು.

ನನ್ನ ತಕರಾರು ಇಷ್ಟೇ: ಫೋನು ತಪ್ಪನ್ನು ಮಗುವಿಗೆ ತೋರಿಸದೆಯೇ ತಿದ್ದಿಬಿಡುತ್ತದೆ. ಹಾಗಾದರೆ ಕಲಿತವರು ಯಾರು?

ಸಂತೆಯಿಂದ ಸ್ಲೇಟು ತಂದುಕೊಟ್ಟೆ. ‘ಆವು’ ಎಂದು ಬರೆದು ಕಾದ.

“ಇದ್ಯಾಕೆ ತಾತ, ಸರಿ ಮಾಡ್ತಿಲ್ಲ?”

“ಅದು ನಿನ್ನ ಕೆಲಸ.”

ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದ. ಆಮೇಲೆ ಯಾರೂ ಹೇಳಿಕೊಡದೆಯೇ ಬೆರಳಿಗೆ ಎಂಜಲು ಹಚ್ಚಿಕೊಂಡು ಒರೆಸತೊಡಗಿದ. ಅಡುಗೆಮನೆಯಿಂದ ಬಂದ ಸೊಸೆ ಇಬ್ಬರನ್ನೂ ಸೇರಿಸಿ ಬೈದಳು. ಈ ತಪ್ಪಿಗೆ ನನ್ನನ್ನು ಹಿಂದೆ ಬೈದಿದ್ದವಳು ನಮ್ಮವ್ವ.